ರೆಮಿಷನ್ ಅಂದ್ರೆ ಗುಣ ಆಯ್ತು ಅಂತಲ್ವಾ?

ರೇಡಿಯೇಶನ್ ಮುಗಿದು ಒಂದು ತಿಂಗಳಿಗೆ ಅಮ್ಮನನ್ನು ತೋರಿಸೋಕೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಅಮ್ಮನನ್ನು ಪರೀಕ್ಷೆ ಮಾಡಿ, ಫೈಲ್ ತಿರುವಿ ಹಾಕಿ, "ಈಗ ನೀವು ರೆಮಿಷನ್‌ನಲ್ಲಿದ್ದೀರಿ ಅಮ್ಮ. ಕಾಯಿಲೆ ಎಲ್ಲೂ ಕಾಣಿಸ್ತಿಲ್ಲ" ಅಂದರು. ಆಮೇಲೆ ಒಂದು ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು, ಐದು ವರ್ಷ.

ಅಪ್ಪ ಹೊರಗೆ ಬಂದವರೇ ಹಾಸನಕ್ಕೆ ಫೋನ್ ಮಾಡಿದರು. "ಗುಣ ಆಯ್ತಂತೆ ಕಣಮ್ಮ" ಅಂದರು ಚಿಕ್ಕಮ್ಮನಿಗೆ. 'ಕಾಣಿಸ್ತಿಲ್ಲ' ಅನ್ನೋದು ಹಾಸನದ ನಮ್ಮ ಬೀದಿಗೆ ತಲುಪುವಷ್ಟರಲ್ಲಿ 'ಗುಣ ಆಯ್ತು' ಆಗಿಹೋಗಿತ್ತು. ಆ ಭಾನುವಾರ ಚಿಕ್ಕಮ್ಮ ಹೋಳಿಗೆ ಮಾಡಿದರು. ನಾನೂ ನಾಲ್ಕು ತಿಂದೆ. ಹತ್ತು ತಿಂಗಳಿಂದ ಆ ಮನೆಯಲ್ಲಿ ಯಾರೂ ಸಿಹಿ ಮಾಡಿರಲಿಲ್ಲ. ಖುಷಿಪಟ್ಟಿದ್ದು ತಪ್ಪು ಅಂತ ಈಗಲೂ ಅನ್ನಿಸಲ್ಲ.

ತಪ್ಪಾಗಿದ್ದು ಆ ಪದವನ್ನು ಅರ್ಥ ಮಾಡಿಕೊಂಡಿದ್ದರಲ್ಲಿ. ಅಮ್ಮ, ಅಪ್ಪ ಅದನ್ನು 'ಮುಗೀತು' ಅಂತ ಕೇಳಿಸಿಕೊಂಡರು. ನಾನು 'ಎಲ್ಲೋ ಅಡಗಿ ಕೂತಿದೆ' ಅಂತ ಕೇಳಿಸಿಕೊಂಡೆ. ಮೂವರದೂ ತಪ್ಪೇ ಅಂತ ತಿಳಿಯೋಕೆ ಒಂದೂವರೆ ವರ್ಷ ಬೇಕಾಯ್ತು.

ನನ್ನ ಕಥೆ ಮೊದಲು ಹೇಳ್ತೀನಿ. ಬೆಂಗಳೂರಿನ ಪಿಜಿ ರೂಮಿನಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಫೋನಿನಲ್ಲಿ ಹುಡುಕುತ್ತಿದ್ದೆ. ಅಮ್ಮ ಫೋನಿನಲ್ಲಿ ಕೆಮ್ಮಿದರೆ ಶ್ವಾಸಕೋಶ, ಬೆನ್ನು ನೋವು ಅಂದರೆ ಮೂಳೆ. ಪ್ರತಿ ಸಲ ಆಸ್ಪತ್ರೆಗೆ ಹೋದಾಗಲೂ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳ್ತಿದ್ದೆ: "ಪೆಟ್ ಸ್ಕ್ಯಾನ್ ಯಾವಾಗ ಮಾಡಿಸೋಣ?" ಅವರು ಪ್ರತಿ ಸಲ "ಈಗ ಬೇಡ" ಅನ್ನುತ್ತಿದ್ದರು. ಇವರು ಸರಿಯಾಗಿ ನೋಡ್ತಿಲ್ಲ ಅಂತ ನನ್ನ ಮನಸ್ಸಿನಲ್ಲಿತ್ತು.

ಅದಕ್ಕೇ ಒಂದು ಲ್ಯಾಬಿನ ಆಫರ್ ಕಂಡ ತಕ್ಷಣ ಬುಕ್ ಮಾಡಿದೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗ್ತಾರೆ, ಪ್ಯಾಕೇಜಿನಲ್ಲಿ 'ಟ್ಯೂಮರ್ ಮಾರ್ಕರ್' ಕೂಡ ಇದೆ. ಡಾಕ್ಟರಿಗೆ ಹೇಳಲಿಲ್ಲ. ಅಮ್ಮನಿಗೆ "ಶುಗರ್, ಥೈರಾಯ್ಡ್ ಎಲ್ಲಾ ಒಂದೇ ಸಲ ನೋಡ್ತಾರೆ" ಅಂದೆ.

ಮೂರನೇ ದಿನ ಆಫೀಸಿನಲ್ಲಿ ಮೀಟಿಂಗಿನ ನಡುವೆ ರಿಪೋರ್ಟ್ ಫೋನಿಗೆ ಬಂತು. ಸಿಎ 15-3 ಅನ್ನೋ ಸಾಲಿನ ಮುಂದೆ ಕೆಂಪು ಅಕ್ಷರ. ಮಿತಿಗಿಂತ ಸ್ವಲ್ಪವೇ ಹೆಚ್ಚು. ಮುಂದಿನ ಅಪಾಯಿಂಟ್‌ಮೆಂಟ್‌ಗೆ ಒಂಬತ್ತು ದಿನ ಇತ್ತು. ಆ ಒಂಬತ್ತು ದಿನ ನಾನು ಹೇಗೆ ಕೆಲಸ ಮಾಡಿದೆನೋ ಗೊತ್ತಿಲ್ಲ. ಯಾರಿಗೂ ಹೇಳಲಿಲ್ಲ. ಊರಿನಿಂದ ಅಮ್ಮ ಫೋನ್ ಮಾಡಿ "ಊಟ ಆಯ್ತಾ ಪುಟ್ಟಿ?" ಅಂದರೆ ಅಳು ಬರುತ್ತಿತ್ತು.

ಆ ದಿನ ಡಾಕ್ಟರ ಮುಂದೆ ಕೂತ ತಕ್ಷಣ ಫೋನ್ ಅವರ ಕೈಗೆ ಕೊಟ್ಟೆ. ಅವರು ನೋಡಿದರು. ಬೈಯಲಿಲ್ಲ. ಒಂದು ಹಾಳೆ ತೆಗೆದುಕೊಂಡು, ನಿಧಾನವಾಗಿ ಹೇಳೋಕೆ ಶುರು ಮಾಡಿದರು. ಅವತ್ತು ಅವರು ಹೇಳಿದ್ದು, ಆಮೇಲೆ ನಾನು ಓದಿ ತಿಳಿದುಕೊಂಡಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ರೆಮಿಷನ್ ಅಂದರೆ, ಕೈಯಿಂದ ಮುಟ್ಟಿ ನೋಡಿದಾಗ, ಮ್ಯಾಮೊಗ್ರಾಮ್‌ನಲ್ಲಿ, ಆಗಲೇ ಮಾಡಿದ ಪರೀಕ್ಷೆಗಳಲ್ಲಿ ಕ್ಯಾನ್ಸರ್‌ನ ಗುರುತು ಸಿಗುತ್ತಿಲ್ಲ ಅಂತ. ಗಡ್ಡೆ ಕುಗ್ಗಿದೆ, ಆದರೆ ಇನ್ನೂ ಇದೆ ಅಂದರೆ ಅದು ಭಾಗಶಃ ರೆಮಿಷನ್. ಏನೂ ಕಾಣದಿದ್ದರೆ ಪೂರ್ಣ ರೆಮಿಷನ್. ಅಮ್ಮನದು ಪೂರ್ಣ. ಆದರೂ ಡಾಕ್ಟರುಗಳು 'ಗುಣವಾಯಿತು' ಅನ್ನೋ ಮಾತನ್ನು ಆಡೋಕೆ ಹಿಂಜರಿಯುತ್ತಾರೆ. ಕೆಲವೇ ಕೆಲವು ಜೀವಕೋಶಗಳು ಉಳಿದಿದ್ದರೆ ಅವನ್ನು ತೋರಿಸುವಷ್ಟು ಸೂಕ್ಷ್ಮವಾದ ಸ್ಕ್ಯಾನ್ ಇಲ್ಲ. ಬಹಳಷ್ಟು ಜನರಲ್ಲಿ ಏನೂ ಉಳಿದಿರುವುದಿಲ್ಲ. ಕೆಲವರಲ್ಲಿ ಉಳಿದಿರುತ್ತದೆ. ಯಾರು ಯಾವ ಗುಂಪಿನವರು ಅಂತ ಇವತ್ತು ನೋಡಿ ಹೇಳೋಕಾಗಲ್ಲ.

ಅಪ್ಪನಿಗೆ ಇದು ನನಗಿಂತ ಬೇಗ ಅರ್ಥವಾಯ್ತು. "ರಾಗಿ ಹೊಲದಲ್ಲಿ ಕಳೆ ಕಿತ್ತಂಗೆ ಅನ್ನಿ. ಮೇಲೆ ಒಂದೂ ಇಲ್ಲ. ಮಣ್ಣಲ್ಲಿ ಬೀಜ ಇದ್ಯೋ ಇಲ್ವೋ ಕಣ್ಣಿಗೆ ಕಾಣಲ್ಲ" ಅಂದರು. ಡಾಕ್ಟರು ನಕ್ಕು, "ಸರಿಯಾಗಿ ಹೇಳಿದ್ರಿ ಯಜಮಾನ್ರೇ" ಅಂದರು.

ಮತ್ತೆ ಸ್ಕ್ಯಾನ್ ಯಾಕೆ ಬೇಡ? ಬೇಗ ಗೊತ್ತಾದರೆ ಒಳ್ಳೆಯದಲ್ವಾ?

ಇದೇ ಪ್ರಶ್ನೆಗೆ ಉತ್ತರ ಹುಡುಕಿ ಇಟಲಿಯಲ್ಲಿ ಎರಡು ದೊಡ್ಡ ಅಧ್ಯಯನಗಳು ನಡೆದಿದ್ದವು. ಎರಡೂ 1994ರಲ್ಲಿ ಪ್ರಕಟವಾದವು. ಒಂದರಲ್ಲಿ 1,320 ಮಹಿಳೆಯರು, ಇನ್ನೊಂದರಲ್ಲಿ 1,243. ಚಿಕಿತ್ಸೆ ಮುಗಿದ ಮೇಲೆ ಒಂದು ಗುಂಪಿಗೆ ನಿಯಮಿತವಾಗಿ ಎದೆಯ ಎಕ್ಸ್‌ರೇ, ಮೂಳೆ ಸ್ಕ್ಯಾನ್‌ನಂಥ ಪರೀಕ್ಷೆಗಳು. ಇನ್ನೊಂದು ಗುಂಪಿಗೆ ಡಾಕ್ಟರ ತಪಾಸಣೆ, ವರ್ಷಕ್ಕೊಂದು ಮ್ಯಾಮೊಗ್ರಾಮ್, ತೊಂದರೆ ಕಂಡರೆ ಮಾತ್ರ ಬೇರೆ ಪರೀಕ್ಷೆ. ಐದು ವರ್ಷಗಳ ಲೆಕ್ಕ ನೋಡಿದಾಗ ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ.

ಕಾರಣ ಇದು. ಸ್ತನದಲ್ಲೇ, ಎದೆಯ ಚರ್ಮದಲ್ಲಿ, ಕಂಕುಳಲ್ಲಿ ಕಾಯಿಲೆ ಮರಳಿದರೆ ಅದನ್ನು ಬೇಗ ಹಿಡಿದು ಮತ್ತೆ ಪೂರ್ತಿ ಗುಣಪಡಿಸುವ ಅವಕಾಶ ಇರುತ್ತದೆ. ಅದಕ್ಕೇ ತಪಾಸಣೆ, ಮ್ಯಾಮೊಗ್ರಾಮ್ ತಪ್ಪಿಸಬಾರದು. ದೂರದ ಅಂಗಕ್ಕೆ ಹರಡಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಆದರೆ ತೊಂದರೆ ಕಾಣಿಸಿಕೊಳ್ಳುವ ಮೊದಲೇ ಸ್ಕ್ಯಾನಿನಲ್ಲಿ ಹಿಡಿದರೆ ಆಯುಷ್ಯ ಹೆಚ್ಚುತ್ತದೆ ಅಂತ ಸಾಬೀತಾಗಿಲ್ಲ. ಜೊತೆಗೆ ನಮ್ಮ ದೇಶದಲ್ಲಿ ಇನ್ನೊಂದು ತಾಪತ್ರಯ. ಟಿಬಿಯಂಥ ಸೋಂಕು ಕೂಡ ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್‌ನ ಹಾಗೇ ಹೊಳೆಯಬಹುದು. ಆಮೇಲೆ ಬಯಾಪ್ಸಿ, ಖರ್ಚು, ನಿದ್ದೆಗೇಡು.

ರಕ್ತದ ಮಾರ್ಕರ್ ಕೂಡ ಹಾಗೇ. ಕ್ಯಾನ್ಸರ್ ಇಲ್ಲದೆಯೂ, ಲಿವರ್ ತೊಂದರೆಯಂಥ ಬೇರೆ ಕಾರಣಕ್ಕೆ ಏರಬಹುದು. ತೊಂದರೆ ಏನೂ ಇಲ್ಲದವರಿಗೆ ಇದನ್ನು ವಾಡಿಕೆಯ ಪರೀಕ್ಷೆಯಾಗಿ ಮಾಡಬೇಡಿ ಅಂತಲೇ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. "ಮಾಡಿಸಿದ್ದು ಆಯ್ತು. ಆರು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ನೋಡೋಣ" ಅಂದರು ಡಾಕ್ಟರು. (ಆರು ವಾರದ ನಂತರ ಅದು ಮಿತಿಯೊಳಗೇ ಬಂತು.)

ನಾನು ಉಸಿರು ಬಿಟ್ಟೆ. ಆಗ ಡಾಕ್ಟರು ನನ್ನ ಕಡೆಯಿಂದ ಅಮ್ಮನ ಕಡೆ ತಿರುಗಿದರು.

"ಅಮ್ಮ, ಮಾತ್ರೆ ದಿನಾ ತಗೋತಿದ್ದೀರಾ?"

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದಳು. ಅಪ್ಪ "ತಗೋತಾಳೆ, ತಗೋತಾಳೆ" ಅಂದರು. ಅಮ್ಮ ಅಪ್ಪನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, "ಎರಡು ತಿಂಗಳಾಯ್ತು ಬಿಟ್ಟು" ಅಂದಳು.

ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

"ಬೆಳಿಗ್ಗೆ ಎದ್ರೆ ಬೆರಳು ಮಡಚೋಕಾಗಲ್ಲ ಡಾಕ್ಟ್ರೇ. ಮಂಡಿ ಹಿಡ್ಕೊಳುತ್ತೆ. ರೊಟ್ಟಿ ತಟ್ಟೋಕಾಗಲ್ಲ. ಗುಣ ಆಗಿದೆ ಅಂದಿದ್ರಲ್ಲ, ಇನ್ಯಾಕೆ ಈ ಮಾತ್ರೆ ಅಂತ ಬಿಟ್ಟೆ. ಬಿಟ್ಮೇಲೆ ಚೂರು ಪರವಾಗಿಲ್ಲ."

ನನಗೆ ಆಗ ನೆನಪಾಯ್ತು. ಹಿಂದಿನ ಎರಡು ಸಲ ಊರಿಗೆ ಹೋದಾಗ ಅಕ್ಕಿ ರೊಟ್ಟಿ ಇರಲಿಲ್ಲ. ಎರಡು ದಿನವೂ ಉಪ್ಪಿಟ್ಟು. ನಾನು "ಯಾಕಮ್ಮ ರೊಟ್ಟಿ ಮಾಡಲಿಲ್ಲ?" ಅಂತ ಮುನಿಸಿಕೊಂಡಿದ್ದೆ. ಅವಳ ರಕ್ತ ತೆಗೆಸಿ ಲ್ಯಾಬಿಗೆ ಕಳಿಸಿದ್ದೆ, ಎದುರಿಗೇ ಕೂತಿದ್ದವಳನ್ನು 'ಹೇಗಿದ್ದೀಯ' ಅಂತ ಸರಿಯಾಗಿ ಕೇಳಿರಲಿಲ್ಲ.

ಅಮ್ಮನ ಕ್ಯಾನ್ಸರ್ ಈಸ್ಟ್ರೋಜೆನ್ ಹಾರ್ಮೋನಿಗೆ ಸ್ಪಂದಿಸುವ ಜಾತಿಯದು. ಬಯಾಪ್ಸಿ ರಿಪೋರ್ಟಿನಲ್ಲಿ 'ಇಆರ್ ಪಾಸಿಟಿವ್' ಅಂತ ಇರುತ್ತದೆ. ಮುಟ್ಟು ನಿಂತ ಮೇಲೂ ದೇಹದ ಕೊಬ್ಬು, ಸ್ನಾಯುಗಳಲ್ಲಿ ಸ್ವಲ್ಪ ಈಸ್ಟ್ರೋಜೆನ್ ತಯಾರಾಗುತ್ತಲೇ ಇರುತ್ತದೆ. ಅಮ್ಮನಿಗೆ ಕೊಟ್ಟಿದ್ದ ಲೆಟ್ರೊಜೋಲ್ ಮಾತ್ರೆ ಆ ತಯಾರಿಯನ್ನು ತಡೆಯುತ್ತದೆ. ಅಪ್ಪನ ಭಾಷೆಯಲ್ಲಿ ಹೇಳೋದಾದರೆ, ಮಣ್ಣಿನಲ್ಲಿ ಬೀಜ ಉಳಿದಿದ್ದರೂ ನೀರು ಸಿಗದ ಹಾಗೆ ಮಾಡೋದು. ಅಂದರೆ ಮಾತ್ರೆ ಟಾನಿಕ್ ಅಲ್ಲ. ಅದೇ ಚಿಕಿತ್ಸೆ. ಆಪರೇಶನ್, ಕೀಮೋ, ರೇಡಿಯೇಶನ್ ಆದ ಮೇಲೆ ನಾಲ್ಕನೆಯದು, ಮನೆಯಲ್ಲೇ ನಡೆಯುವಂಥದ್ದು.

ಎಷ್ಟು ಉಪಯೋಗ? ಇದೇ ಕೆಲಸಕ್ಕೆ ಬಳಸುವ ಹಳೆಯ ಮಾತ್ರೆ ಟ್ಯಾಮಾಕ್ಸಿಫೆನ್. ಐದು ವರ್ಷ ಅದನ್ನು ತೆಗೆದುಕೊಂಡ ಇಆರ್ ಪಾಸಿಟಿವ್ ಮಹಿಳೆಯರಲ್ಲಿ, ಮೊದಲ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರ್‌ನಿಂದ ಆಗುವ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆ ಅಂತ 2011ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ತೋರಿಸಿದೆ. ಮುಟ್ಟು ನಿಂತವರಲ್ಲಿ ಲೆಟ್ರೊಜೋಲ್ ಗುಂಪಿನ ಮಾತ್ರೆಗಳು ಅದಕ್ಕಿಂತ ತುಸು ಮೇಲು. ಇಷ್ಟು ದೊಡ್ಡ ರಕ್ಷಣೆ ಅಮ್ಮನ ಅಡುಗೆಮನೆ ಡಬ್ಬದ ಹಿಂದೆ ಬಿದ್ದಿತ್ತು. ನಾನು ಸ್ಕ್ಯಾನಿಗೆ ಜಗಳ ಆಡ್ತಿದ್ದೆ.

ಡಾಕ್ಟರು ಅಮ್ಮನಿಗೂ ಬೈಯಲಿಲ್ಲ. "ನೋವು ಸುಳ್ಳಲ್ಲ ಅಮ್ಮ. ಈ ಮಾತ್ರೆಯಿಂದ ಕೀಲುನೋವು ಬಹಳ ಜನಕ್ಕೆ ಬರುತ್ತೆ. ನೀವು ಅವತ್ತೇ ಹೇಳಿದ್ರೆ ಅವತ್ತೇ ಏನಾದ್ರೂ ಮಾಡಬಹುದಿತ್ತು" ಅಂದರು. ಅದೇ ಗುಂಪಿನ ಬೇರೊಂದು ಮಾತ್ರೆಗೆ ಬದಲಾಯಿಸಿದರು. ಅದೂ ಆಗದಿದ್ದರೆ ಟ್ಯಾಮಾಕ್ಸಿಫೆನ್ ಇದೆ ಅಂದರು. ಈ ಮಾತ್ರೆಗಳು ಮೂಳೆಯನ್ನು ತೆಳುವಾಗಿಸುವುದರಿಂದ ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಬರೆದರು. ನಾನು ಕೇಳದೇ ಇದ್ದ, ನಿಜವಾಗಿ ಬೇಕಾಗಿದ್ದ ಸ್ಕ್ಯಾನ್ ಅದೊಂದೇ. ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟರು.

ಜೊತೆಗೆ ನಡಿಗೆ. ಈ ಮಾತ್ರೆಯಿಂದ ಕೀಲುನೋವು ಬಂದ ಮಹಿಳೆಯರ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಗಿದೆ. ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿದವರಲ್ಲಿ ನೋವು ಗಮನಾರ್ಹವಾಗಿ ಇಳಿದಿತ್ತು. "ಮಂಡಿ ನೋವಿಗೆ ನಡೀಬೇಕಾ?" ಅಂತ ಅಮ್ಮ ನಂಬಲೇ ಇಲ್ಲ. ಈಗ ಚಿಕ್ಕಮ್ಮನ ಜೊತೆ ಬೆಳಿಗ್ಗೆ ಹೋಗ್ತಾಳೆ.

ಇನ್ನು, ನಿಮ್ಮ ಮನೆಯಲ್ಲೂ ಯಾರಾದರೂ ಈ ಘಟ್ಟದಲ್ಲಿದ್ದರೆ ಗೊತ್ತಿರಬೇಕಾದ ಕೆಲವು ವಿಷಯಗಳು.

ಫಾಲೋ ಅಪ್ ಲೆಕ್ಕ: ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ. ನಾಲ್ಕು, ಐದನೇ ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಆಮೇಲೆ ವರ್ಷಕ್ಕೊಮ್ಮೆ. ಉಳಿದ ಸ್ತನಕ್ಕೆ ಪ್ರತಿ ವರ್ಷ ಮ್ಯಾಮೊಗ್ರಾಮ್. ಇದು ಸಾಮಾನ್ಯ ಮಾರ್ಗಸೂಚಿ. ನಿಮ್ಮ ಡಾಕ್ಟರು ಕಾಯಿಲೆಯ ಜಾತಿ ನೋಡಿ ಬದಲಾಯಿಸಬಹುದು.

ಮುಂದಿನ ಭೇಟಿವರೆಗೆ ಕಾಯಬಾರದ ತೊಂದರೆಗಳು: ಸ್ತನ, ಎದೆ, ಕಂಕುಳು, ಕತ್ತಿನಲ್ಲಿ ಹೊಸ ಗಂಟು. ಆಪರೇಶನ್ ಗಾಯದ ಜಾಗದಲ್ಲಿ ಗುಳ್ಳೆ, ಕೆಂಪು. ಎರಡು ವಾರವಾದರೂ ಹೋಗದ, ಒಂದೇ ಜಾಗದ ಮೂಳೆ ನೋವು. ಬಿಡದ ಕೆಮ್ಮು, ಏದುಸಿರು. ಕಾರಣವಿಲ್ಲದೆ ತೂಕ ಇಳಿಯುವುದು. ಕಣ್ಣು ಹಳದಿಯಾಗುವುದು. ಹಿಂದೆ ಇರದಿದ್ದ, ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಮುಟ್ಟು ನಿಂತ ಮೇಲೆ ರಕ್ತಸ್ರಾವ ಆದರೆ ಅಥವಾ ಒಂದೇ ಕಾಲು ಊದಿ ನೋವಾದರೆ ಕೂಡಲೇ ತೋರಿಸಬೇಕು.

ಕೈ: ಕಂಕುಳಿನ ಗ್ರಂಥಿಗಳನ್ನು ತೆಗೆದ ಕಡೆಯ ಕೈ ತಿಂಗಳುಗಳ ಮೇಲೆ, ವರ್ಷಗಳ ಮೇಲೂ ಊದಿಕೊಳ್ಳಬಹುದು. ಬಳೆ ಬಿಗಿಯಾಯ್ತು, ರವಿಕೆಯ ತೋಳು ಒಂದೇ ಕಡೆ ಹಿಡೀತಿದೆ ಅನ್ನಿಸಿದರೆ ಅದು ಮೊದಲ ಸೂಚನೆ. ಶುರುವಿನಲ್ಲೇ ತೋರಿಸಿದರೆ ಹಿಡಿತಕ್ಕೆ ತರೋದು ಸುಲಭ.

ಐದು ವರ್ಷದ ಗೆರೆ: 'ಐದು ವರ್ಷ ಕಳೆದರೆ ಗೆದ್ದ ಹಾಗೆ' ಅಂತ ಎಲ್ಲರೂ ಹೇಳ್ತಾರೆ. ಟ್ರಿಪಲ್ ನೆಗೆಟಿವ್ ಅನ್ನೋ ಜಾತಿಯಲ್ಲಿ ಮರಳುವ ಅಪಾಯ ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚು, ಆಮೇಲೆ ಬಹಳ ಇಳಿಯುತ್ತದೆ. ಇಆರ್ ಪಾಸಿಟಿವ್‌ನಲ್ಲಿ ಹಾಗಲ್ಲ. 60 ಸಾವಿರಕ್ಕೂ ಹೆಚ್ಚು ಮಹಿಳೆಯರ ದಾಖಲೆ ನೋಡಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಐದು ವರ್ಷ ಮಾತ್ರೆ ಮುಗಿಸಿದವರಲ್ಲೂ 20ನೇ ವರ್ಷದವರೆಗೆ ಮರಳುವ ಅಪಾಯ ಇದ್ದೇ ಇರುತ್ತದೆ. ಹೆದರೋಕಲ್ಲ ಇದು. ಐದು ವರ್ಷದ ನಂತರವೂ ವರ್ಷಕ್ಕೊಂದು ಸಲ ಹೋಗಿ ಬರಬೇಕು, ಮಾತ್ರೆ ಮುಂದುವರಿಸಬೇಕಾ ಅಂತ ಕೇಳಬೇಕು, ಅಷ್ಟಕ್ಕೆ.

ಫೈಲ್: ಬಯಾಪ್ಸಿ ರಿಪೋರ್ಟ್, ಆಪರೇಶನ್ ಡಿಸ್ಚಾರ್ಜ್ ಸಮ್ಮರಿ, ಯಾವ ಕೀಮೋ ಎಷ್ಟು ಸಲ, ಎಷ್ಟು ರೇಡಿಯೇಶನ್, ಎಲ್ಲದರ ಫೋಟೋ ನಿಮ್ಮ ಫೋನಿನಲ್ಲೂ ಇರಲಿ. ಹತ್ತು ವರ್ಷದ ಮೇಲೆ ಬೇರೆ ಊರಿನ ಡಾಕ್ಟರು ಕೇಳಿದಾಗ ಬೇಕಾಗುತ್ತದೆ.

ಆದರೆ ಇದೆಲ್ಲಕ್ಕಿಂತ ಮುಖ್ಯವಾದ್ದು ಫೈಲಿನಲ್ಲಿ ಇರಲ್ಲ. ನಮ್ಮ ಅಮ್ಮಂದಿರು ನೋವು ಹೇಳಲ್ಲ. "ಇವರು ಈಗಾಗಲೇ ಇಷ್ಟು ಖರ್ಚು ಮಾಡಿದ್ದಾರೆ, ಮಗಳು ರಜೆ ಹಾಕಿ ಬಂದಿದ್ದಾಳೆ, ಇನ್ನೂ ಏನಂತ ಹೇಳೋದು" ಅಂತ ಅಮ್ಮ ಆಮೇಲೆ ಚಿಕ್ಕಮ್ಮನ ಹತ್ತಿರ ಅಂದಿದ್ದಳಂತೆ. ನಾವು ಮನೆಯವರು ಹೋಳಿಗೆ ಮಾಡಿ ಹಬ್ಬ ಮಾಡಿದ ಮೇಲೆ 'ನನಗೆ ಇನ್ನೂ ನೋವಿದೆ' ಅಂತ ಹೇಳೋಕೆ ಅವಳಿಗೆ ಜಾಗವೇ ಉಳಿದಿರಲಿಲ್ಲ. ಡಾಕ್ಟರ ಎದುರಿಗೂ ಅಪ್ಪ, ನಾನೇ ಮಾತಾಡ್ತಿದ್ದೆವು.

ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅಮ್ಮ ತನಗೆ ಏನಾಗ್ತಿದೆ ಅಂತ ಬರೆದಿಡ್ತಾಳೆ. 'ಮಂಡಿ ನೋವು, ಮೂರು ದಿನ.' 'ರಾತ್ರಿ ಸೆಖೆ, ನಿದ್ದೆ ಇಲ್ಲ.' 'ಭಯ ಆಯ್ತು.' ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕ ಚೀಲದಲ್ಲಿರುತ್ತದೆ. ಮೊದಲ ಐದು ನಿಮಿಷ ಅವಳು ಓದುತ್ತಾಳೆ, ನಾವಿಬ್ಬರೂ ಸುಮ್ಮನಿರಬೇಕು. ಅಪ್ಪನಿಗೆ ಅದು ಇನ್ನೂ ಕಷ್ಟವೇ.

ನನ್ನ ಭಯ ಪೂರ್ತಿ ಹೋಗಿಲ್ಲ. ಮ್ಯಾಮೊಗ್ರಾಮ್ ದಿನ ಹತ್ತಿರ ಬಂದರೆ ಈಗಲೂ ರಾತ್ರಿ ಎಚ್ಚರವಾಗುತ್ತದೆ. ಆದರೆ ಫೋನಿನಲ್ಲಿ ಹುಡುಕೋದು ಬಿಟ್ಟಿದ್ದೇನೆ. ಬೆಳಿಗ್ಗೆ ಆಫೀಸ್ ಕ್ಯಾಬಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳ್ತೀನಿ. ಮಾತ್ರೆ ಆಯ್ತಾ? ಬೆರಳು ಹೇಗಿದೆ?

ಹೋದ ವಾರ ಊರಿಗೆ ಹೋಗಿದ್ದೆ. ರೊಟ್ಟಿ ಮಾಡಿದ್ದಳು. ಮೊದಲಿನಷ್ಟು ತೆಳುವಾಗಿರಲಿಲ್ಲ. ಒಂದೆರಡು ಕಡೆ ಹರಿದಿತ್ತು ಕೂಡ. "ಮೂರೇ ಆಗಿದ್ದು ಕಣೇ, ಇವತ್ತಿಗೆ ಸಾಕು" ಅಂದಳು. ಮೂರನ್ನೂ ನಾನೇ ತಿಂದೆ. ಅಪ್ಪನಿಗೆ ಉಪ್ಪಿಟ್ಟು.